ಟಿಬಿ ಪರೀಕ್ಷೆಯಲ್ಲಿ ಕುತ್ತಿಗೆ ಊದಿದೆ, ಹಸುವನ್ನು ಮಾರಿಬಿಡಲಾ?

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ 14 ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುಗಳಿವೆ. ವರ್ಷಕ್ಕೊಮ್ಮೆ ಟಿಬಿ ಪರೀಕ್ಷೆ ಮಾಡಿಸುತ್ತೇವೆ. ಈ ಸಲ ಎರಡನೇ ಸೂಲಿನ ಹಸುವೊಂದಕ್ಕೆ ಸೂಜಿ ಹಾಕಿದ ಜಾಗ ಊದಿದೆ. ದಿನಕ್ಕೆ 18 ಲೀಟರ್ ಕೊಡುತ್ತದೆ, ಮೇವು ಬಿಟ್ಟಿಲ್ಲ, ಕೆಮ್ಮೂ ಇಲ್ಲ. ಸೂಜಿಯಿಂದಲೇ ರೋಗ ಬಂತು ಅಂತ ಮನೆಯವರು ಹೇಳುತ್ತಾರೆ. ಸುಮ್ನೆ ಸಂತೆಗೆ ಹೊಡೆದುಬಿಡಿ ಅಂತಾರೆ ಪಕ್ಕದವರು. ಏನು ಮಾಡಲಿ?
— ಓದುಗರು, ಮದ್ದೂರು ತಾಲ್ಲೂಕು

ಉತ್ತರ: ದಯವಿಟ್ಟು ಸಂತೆಗೆ ಹೊಡೆಯಬೇಡಿ. ಹಸುವಿಗೆ ನಿಜವಾಗಿಯೂ ಟಿಬಿ ಇದ್ದರೆ ಅದು ಇನ್ನೊಬ್ಬ ರೈತನ ಕೊಟ್ಟಿಗೆ ಸೇರುತ್ತದೆ. ಇಲ್ಲದಿದ್ದರೆ ಒಳ್ಳೆಯ ಹಸುವನ್ನು ನೀವೇ ಕೈಯಾರೆ ಕಳೆದುಕೊಳ್ಳುತ್ತೀರಿ.

ಸೂಜಿಯಿಂದ ರೋಗ ಬರುವುದಿಲ್ಲ. ಪರೀಕ್ಷೆಗೆ ಹಾಕುವ ಟ್ಯೂಬರ್‌ಕುಲಿನ್ ಎಂಬ ಮದ್ದಿನಲ್ಲಿ ಜೀವಂತ ರೋಗಾಣುವೇ ಇಲ್ಲ, ಇರುವುದು ಅದರ ಪ್ರೋಟೀನ್ ಮಾತ್ರ. ದೇಹ ಆ ರೋಗಾಣುವನ್ನು ಮೊದಲೇ ಕಂಡಿದ್ದರೆ ಚರ್ಮ ಊದುತ್ತದೆ.

ಎಷ್ಟು ಊದಿದೆ ಎಂದು ನೀವು ಬರೆದಿಲ್ಲ. ಎಲ್ಲಾ ನಿಂತಿರುವುದು ಅದರ ಮೇಲೆಯೇ. ಕುತ್ತಿಗೆಯ ಕೂದಲು ಕತ್ತರಿಸಿ, ಚರ್ಮ ಮಡಿಚಿ ಕ್ಯಾಲಿಪರ್‌ನಲ್ಲಿ (ದಪ್ಪ ಅಳೆಯುವ ಸಾಧನ) ಅಳೆದು, 0.1 ಮಿಲಿ ಮದ್ದನ್ನು ಚರ್ಮದ ಒಳಗೇ ಹಾಕಬೇಕು. ಸರಿಯಾಗಿ ಬಿದ್ದಿದ್ದರೆ ಬೆರಳಿಗೆ ಬಟಾಣಿ ಕಾಳಿನಷ್ಟು ಗಂಟು ಸಿಗುತ್ತದೆ. 72 ಗಂಟೆಯ ನಂತರ ಅದೇ ಜಾಗವನ್ನು ಮತ್ತೆ ಅಳೆಯಬೇಕು. ದಪ್ಪ 4 ಮಿಲಿಮೀಟರ್ ಅಥವಾ ಜಾಸ್ತಿ ಏರಿದ್ದರೆ ಪಾಸಿಟಿವ್. 2 ಅಥವಾ ಅದಕ್ಕಿಂತ ಕಡಿಮೆಯಿದ್ದು ನೀರು ತುಂಬಿದಂಥ ಊತ, ಬಿಸಿ, ನೋವು ಇಲ್ಲದಿದ್ದರೆ ನೆಗೆಟಿವ್. ನಡುವೆ ಇದ್ದರೆ ಅನುಮಾನ. ಫೋನಿನಲ್ಲಿ ಫೋಟೊ ತೆಗೆದು ಕಳಿಸಿದರೆ ಸಾಲದು. ಮೂರನೇ ದಿನ ವೈದ್ಯರು ಬರಲೇಬೇಕು, ಸೂಜಿ ಹಾಕಿಸುವ ಮುಂಚೆಯೇ ಅದನ್ನು ಮಾತಾಡಿಕೊಳ್ಳಿ. ಎರಡೂ ಅಳತೆಗಳನ್ನು ಕಿವಿಯೋಲೆ ನಂಬರಿನ ಜೊತೆ ಬರೆಸಿಕೊಳ್ಳಿ.

ಅನುಮಾನ ಇದ್ದರೆ 42 ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಆಗ ಹಕ್ಕಿ ಟಿಬಿಯ ಟ್ಯೂಬರ್‌ಕುಲಿನ್ ಕೂಡ ಪಕ್ಕದಲ್ಲೇ ಹಾಕಿ ಹೋಲಿಸಲು ಕೇಳಿ. ಜೋನ್ಸ್ ಕಾಯಿಲೆಯಂಥ (ದನಗಳ ಕರುಳಿಗೆ ಬರುವ ರೋಗ) ಬೇರೆ ಸೋಂಕಿನಿಂದಲೂ ಚರ್ಮ ಊದುವುದುಂಟು. ತಿರುಗುಮುರುಗಾಗಿಯೂ ಆಗುತ್ತದೆ. ಹೊಸದಾಗಿ ಕರು ಹಾಕಿದ ಹಸುವಿನಲ್ಲಿ, ರೋಗ ತೀರಾ ಬಲಿತ ಹಸುವಿನಲ್ಲಿ ಊತ ಬಾರದೇ ಹೋಗಬಹುದು. ಹಾಗಾಗಿ ಉಳಿದ 13 ಹಸುಗಳು ಪಾಸಾದವು ಅಂತ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ, ಅವನ್ನೂ ಮತ್ತೆ ನೋಡಿಸಬೇಕು. ಇನ್ನು ಕೆಮ್ಮಿನ ಮಾತು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಏನೂ ತೋರಿಸದೆ ಮೈಯೊಳಗೆ ಕೂರುವ ರೋಗ ಇದು.

ಬ್ರಿಟನ್, ಐರ್ಲೆಂಡ್‌ಗಳಲ್ಲಿ ಈ ಪರೀಕ್ಷೆ ಕಡ್ಡಾಯ. ಪಾಸಿಟಿವ್ ಆದ ಹಸುವನ್ನು ಸರ್ಕಾರವೇ ವಧೆಗೆ ಒಯ್ದು ಪರಿಹಾರ ಕೊಡುತ್ತದೆ. ಅಷ್ಟಾದರೂ ಮೂರನೇ ದಿನ ಬೆಳಗ್ಗೆ ಅಲ್ಲಿನ ರೈತರಿಗೂ ಎದೆ ಡವಡವ ಅನ್ನುತ್ತದೆ. ನಮ್ಮಲ್ಲಿ ಊರೂರಿಗೆ ಹೋಗಿ ಹಾಗೆ ಒಯ್ಯುವ ಪದ್ಧತಿ ಇಲ್ಲ, ಹಸು ನಿಮ್ಮ ಕಣ್ಣೆದುರೇ ಇರುತ್ತದೆ. ಅದಕ್ಕೇ ನೀವು ಇನ್ನೂ ಹುಷಾರಾಗಿರಬೇಕು.

ಇವತ್ತೇ ಅದನ್ನು ಬೇರೆ ಕಡೆ ಕಟ್ಟಿ. ಗಾಳಿ, ಬಿಸಿಲು ಚೆನ್ನಾಗಿ ಬರಲಿ. ಬಾನಿ, ಬಕೆಟ್ ಬೇರೆ ಇರಲಿ. ಬೇರೆ ಹಸುಗಳದ್ದೆಲ್ಲ ಆದಮೇಲೆ ಕೊನೆಗೆ ಅದರ ಹಾಲು ಕರೆಯಿರಿ. ವೈದ್ಯರು ತೀರ್ಮಾನ ಹೇಳುವ ತನಕ ಆ ಹಾಲು ಡೇರಿ ಕ್ಯಾನಿಗೆ ಬೀಳಬಾರದು. 18 ಲೀಟರ್ ಅಂದರೆ ಸಣ್ಣ ನಷ್ಟವಲ್ಲ, ಗೊತ್ತು. ಕರುಗಳಿಗೆ ನೆಗೆಟಿವ್ ಬಂದ ಹಸುವಿನ ಗಿಣ್ಣು, ಹಾಲು ಕುಡಿಸಿ. ಮನುಷ್ಯರ ಟಿಬಿ ಮಾತ್ರೆಯನ್ನು ಹಸುವಿಗೆ ಕೊಡಬೇಡಿ. ತಿಂಗಳುಗಟ್ಟಲೆ ಕೊಟ್ಟರೂ ರೋಗ ಹೋಯಿತು ಎನ್ನುವ ಖಾತ್ರಿಯಿಲ್ಲ, ಔಷಧ ಹಾಲಿಗೂ ಇಳಿಯುತ್ತದೆ.

ಮನೆಯಲ್ಲಿ ಹಸಿ ಹಾಲು ಯಾರೂ ಕುಡಿಯಬೇಡಿ. ಉಕ್ಕಿಸಿ ಕಾಯಿಸಿದರೆ ರೋಗಾಣು ಸಾಯುತ್ತದೆ. ಯಾರಿಗಾದರೂ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ಜ್ವರ ಅಥವಾ ಕುತ್ತಿಗೆಯಲ್ಲಿ ಗಂಟು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಟಿಬಿ ಪರೀಕ್ಷೆ ಮಾಡಿಸಿ, ಹಣ ಕೇಳುವುದಿಲ್ಲ. ಹಸುವಿನ ವಿಷಯವನ್ನೂ ಅಲ್ಲಿ ಹೇಳಿ. ಹಸುವಿನ ಟಿಬಿ ರೋಗಾಣು ಪೈರಾಜಿನಮೈಡ್ ಎಂಬ ಮಾತ್ರೆಗೆ ಬಗ್ಗುವುದಿಲ್ಲ, ಅದು ಡಾಕ್ಟರಿಗೆ ಮೊದಲೇ ತಿಳಿದಿರಬೇಕು. ಮನುಷ್ಯರಿಂದ ಹಸುವಿಗೂ ಟಿಬಿ ಹತ್ತಬಹುದು. ಹಾಲು ಕರೆಯುವವರು ಕೆಮ್ಮುತ್ತಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.