ಜೈಲಿನಿಂದ ಬಂದ ಅಪ್ಪನಿಗೆ ಪಿಂಚಣಿ ಸಿಗುವುದೇ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಹಳ್ಳಿ. ನಾನು ಒಬ್ಬಳೇ ಮಗಳು. ಅಪ್ಪ 9 ವರ್ಷ ಮೈಸೂರು ಜೈಲಿನಲ್ಲಿದ್ದು, ಶಿಕ್ಷೆ ಪೂರೈಸಿ ಎರಡು ತಿಂಗಳ ಹಿಂದೆ ಮನೆಗೆ ಬಂದರು. ಅವರಿಗೆ 66 ವರ್ಷ. ಹಿಂದೆ ಮಾಡಿಸಿದ್ದ ಆಧಾರ್ ಕಾರ್ಡ್ ಕಳೆದಿದೆ, ರೇಷನ್ ಕಾರ್ಡಿನಿಂದ ಹೆಸರು ಹೋಗಿದೆ. ಪಿಂಚಣಿ ಕೇಳಲು ಹೋದಾಗ ‘ಜೈಲಿಗೆ ಹೋಗಿ ಬಂದವರಿಗೆ ಸರ್ಕಾರದ್ದು ಏನೂ ಇಲ್ಲ’ ಎಂದು ಹೇಳಿ ಕಳಿಸಿದರು. ಅಂದಿನಿಂದ ಅಪ್ಪ ಅಂಗಳ ದಾಟಿಲ್ಲ. ಏನು ಮಾಡಲಿ?

ಉತ್ತರ: ನಿಮಗೆ ಹೇಳಿದ ಮಾತು ಸುಳ್ಳು. ಅದನ್ನು ಮೊದಲು ಅಪ್ಪನಿಗೆ ತಿಳಿಸಿ. ಪಿಂಚಣಿಗೆ, ಪಡಿತರಕ್ಕೆ ನೋಡುವುದು ವಯಸ್ಸು, ಆದಾಯ, ವಾಸ ಇಂಥವನ್ನು; ಅನುಭವಿಸಿ ಮುಗಿಸಿದ ಶಿಕ್ಷೆಯನ್ನಲ್ಲ. ಮತ ಹಾಕುವ ಹಕ್ಕಿಗೂ ಜೈಲಿನೊಳಗಿದ್ದಷ್ಟು ಕಾಲ ಮಾತ್ರ ತಡೆ. ಪಟ್ಟಿಯಿಂದ ಹೆಸರು ಬಿಟ್ಟುಹೋಗಿದ್ದರೆ ನಮೂನೆ 6 ತುಂಬಿಕೊಡಿ.

ಕೆಲಸ ಶುರುವಾಗಬೇಕಾದದ್ದು ಆಧಾರ್‌ನಿಂದ. ಕಾರ್ಡ್ ಕಳೆಯಿತೆಂದು ಹೊಸದಾಗಿ ನೋಂದಾಯಿಸಲು ಹೋಗಬೇಡಿ. ಹಳೆಯ ಬೆರಳಚ್ಚು ದಾಖಲೆಯಲ್ಲಿ ಇರುವುದರಿಂದ ಎರಡನೆಯ ನೋಂದಣಿ ತಿರಸ್ಕೃತವಾಗುತ್ತದೆ, ಅಲೆದಾಟವೇ ಉಳಿಯುತ್ತದೆ. ಹಳೆಯ ಸಂಖ್ಯೆಯನ್ನೇ ಹುಡುಕಿಕೊಡಲು ಆಧಾರ್ ಕೇಂದ್ರದಲ್ಲಿ ಕೇಳಿ, ಮೊಬೈಲ್ ಸಂಖ್ಯೆಯನ್ನೂ ಅಲ್ಲೇ ಸೇರಿಸಿ. ಜೈಲಿನಲ್ಲಿ ವರ್ಷಗಟ್ಟಲೆ ಮರಗೆಲಸ, ಮಗ್ಗದ ಕೆಲಸ ಮಾಡಿದವರ ಹೆಬ್ಬೆರಳು ಸವೆದು ನುಣುಪಾಗಿರುತ್ತದೆ. ಒತ್ತಿ, ಪಂಚೆಯ ಅಂಚಿಗೆ ಒರೆಸಿ, ಮತ್ತೆ ಒತ್ತಿದರೂ ಯಂತ್ರ ಗುರುತು ಹಿಡಿಯುವುದಿಲ್ಲ. ‘ನಾಳೆ ಬನ್ನಿ’ ಎಂದ ಕೂಡಲೇ ತಲೆತಗ್ಗಿಸಿ ಎದ್ದುಬಂದ ಹಿರಿಯರನ್ನು ನಾನು ಕಂಡಿದ್ದೇನೆ. ಆ ಯಂತ್ರವೂ ತಮ್ಮನ್ನು ಒಲ್ಲೆ ಎಂದಿತೆಂದು ಅವರು ನೊಂದುಕೊಳ್ಳುತ್ತಾರೆ. ನೀವು ಏಳಬೇಡಿ. ಉಳಿದ ಬೆರಳುಗಳನ್ನು ಪರೀಕ್ಷಿಸಲು ಹೇಳಿ. ಅದೂ ಆಗದಿದ್ದರೆ ಕಣ್ಣಿನ ಪಾಪೆಯ ಗುರುತು ಇದೆ.

ಆಧಾರ್ ಕೈಗೆ ಬಂದ ಮೇಲೆ ಬ್ಯಾಂಕ್. ಎರಡು ವರ್ಷ ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ. ಗುರುತಿನ ದಾಖಲೆ ಕೊಟ್ಟರೆ ಶುಲ್ಕವಿಲ್ಲದೆ ಮತ್ತೆ ಚಾಲೂ ಮಾಡಬೇಕು. ರೇಷನ್ ಕಾರ್ಡಿನ ತಿದ್ದುಪಡಿಗೆ ಅವಕಾಶ ತೆರೆದಿರುವ ದಿನಗಳನ್ನು ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಿಕೊಂಡು ಹೋಗಿ.

65 ತುಂಬಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ತಿಂಗಳಿಗೆ ₹1,200 ಬರುತ್ತದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಟ್ಟು ಸಕಾಲ ಸ್ವೀಕೃತಿ ಪಡೆಯಿರಿ. ಬಿಡುಗಡೆ ಪತ್ರವನ್ನು ಅದಕ್ಕೆ ಲಗತ್ತಿಸಬೇಕಿಲ್ಲ, ಮೂಲ ಪ್ರತಿ ಮನೆಯಲ್ಲಿ ಜೋಪಾನವಾಗಿರಲಿ. ಈ ಬಾರಿಯೂ ಬಾಯಿಮಾತಿನಲ್ಲಿ ಇಲ್ಲವೆಂದರೆ ‘ಹಿಂಬರಹ ಕೊಡಿ’ ಎಂದು, ಅಂದರೆ ಕಾರಣ ತಿಳಿಸುವ ಲಿಖಿತ ಉತ್ತರ ಕೊಡಿ ಎಂದು ಕೇಳಿ. ಕಾರಣ ಬರೆದು ಸಹಿ ಹಾಕಬೇಕಾದಾಗ, ಕಾನೂನಿನಲ್ಲಿ ಇಲ್ಲದ ಕಾರಣವನ್ನು ಬರೆಯಲು ಯಾರ ಕೈಯೂ ಸುಲಭವಾಗಿ ಮುಂದೆ ಬರುವುದಿಲ್ಲ. ಬರೆದೇ ಕೊಟ್ಟರೆ ಸಕಲೇಶಪುರದಲ್ಲೇ ಇರುವ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಿ.

ಇದಕ್ಕೆ ವಕೀಲರಿಗೆ ದುಡ್ಡು ಕೊಡುವ ಅಗತ್ಯವಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಆದ್ದರಿಂದ ನೀವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಆಧಾರ್ ಕೇಂದ್ರಕ್ಕೆ ಮಾತ್ರ ಅಪ್ಪನೇ ಬರಬೇಕು. ಅಂದು ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಒಂಬತ್ತು ವರ್ಷ ಪ್ರತಿ ಬಾಗಿಲಲ್ಲೂ ಅಪ್ಪಣೆಗೆ ಕಾದವರು. ಯಾರಾದರೂ ಕರೆಯುವವರೆಗೂ ಹೊಸಿಲಾಚೆಯೇ ನಿಂತುಬಿಡುತ್ತಾರೆ. ಕೈ ಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿ.