ಎಣ್ಣೆಯ ಪ್ರಶ್ನೆಗೆ ಉತ್ತರ ಡೀಸೆಲ್ ಟ್ಯಾಂಕಿನಲ್ಲಿದೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಭಾರಿ ಲಾರಿಗಳ ಎಂಜಿನ್ ಆಯಿಲ್ ಮತ್ತು ಡೀಸೆಲ್ ಕುರಿತವು. ‘ಯಾವ ಕಂಪನಿಯ ಆಯಿಲ್ ಒಳ್ಳೆಯದು?’ ಎಂದು ಒಂದೇ ಸಾಲು ಬರೆದವರಿಗೆಲ್ಲ ಸೇರಿಸಿ ಒಂದೇ ಉತ್ತರ: ಡಬ್ಬಿಯ ಮುಂದಿನ ದೊಡ್ಡ ಹೆಸರನ್ನು ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ನಿಮ್ಮ ಲಾರಿಯ ಕೈಪಿಡಿ ಕೇಳುವ ಸಂಕೇತ (ಸಿಐ-4, ಸಿಕೆ-4ರಂಥ ಗುಣಮಟ್ಟದ ದರ್ಜೆ, 15ಡಬ್ಲ್ಯೂ-40ರಂಥ ಮಂದತೆಯ ಅಂಕ) ಅಲ್ಲಿದ್ದರೆ ಕೊಳ್ಳಿ, ಇಲ್ಲದಿದ್ದರೆ ಡಬ್ಬಿಯನ್ನು ಇದ್ದ ಜಾಗದಲ್ಲೇ ಇಡಿ. ಉಳಿದ ಪತ್ರಗಳಲ್ಲಿ ಕೂತು ಯೋಚಿಸಬೇಕಾದ ಪ್ರಶ್ನೆಗಳಿವೆ. ಅವನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನಲ್ಲಿ ಎರಡು ಹಳೆಯ ಲಾರಿಗಳಿವೆ, ಈಚೆಗೆ ಒಂದು ಹೊಸದನ್ನು ಕೊಂಡಿದ್ದೇನೆ. ಹಳೆಯವಕ್ಕೆ ಮೊದಲಿನಿಂದಲೂ ಸಿಐ-4 ದರ್ಜೆಯ 15ಡಬ್ಲ್ಯೂ-40 ಆಯಿಲ್ ಹಾಕಿಸುತ್ತಿದ್ದೇನೆ. ಅದೇ ಡ್ರಮ್ಮಿನಿಂದ ಹೊಸದಕ್ಕೂ ಹಾಕಿದರೆ ಏನಾಗುತ್ತದೆ?

ಉತ್ತರ: ಎಂಜಿನ್ನಿಗೆ ಕೂಡಲೇ ಏನೂ ಆಗುವುದಿಲ್ಲ, ಅದೇ ತೊಂದರೆ. ಏನೂ ಆಗಲಿಲ್ಲವೆಂದು ನೀವು ಅದನ್ನೇ ಮುಂದುವರಿಸುತ್ತೀರಿ. ಏಟು ಬೀಳುವುದು ಸೈಲೆನ್ಸರ್ ಕಡೆಗೆ. ಹೊಸ ಲಾರಿಯ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಡಿಪಿಎಫ್ ಎನ್ನುತ್ತಾರಲ್ಲ, ಅದು. ಅಲ್ಲಿ ಕೂಡಿಕೊಂಡ ಮಸಿಯನ್ನು ಎಂಜಿನ್ ಆಗಾಗ ಕಾವೇರಿಸಿ ತಾನೇ ಸುಟ್ಟುಹಾಕುತ್ತದೆ. ಆದರೆ ಬೂದಿಯನ್ನು ಮತ್ತೆ ಸುಡುವಂತಿಲ್ಲ. ಆ ಬೂದಿಯ ಮುಖ್ಯ ಮೂಲ ಎಂಜಿನ್ ಕುಡಿಯುವ ಆಯಿಲ್. ಅದಕ್ಕೆ ಬೆರೆಸಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ಸಂಯುಕ್ತಗಳು ಉರಿದ ಮೇಲೆ ಫಿಲ್ಟರಿನ ಸಣ್ಣ ಕಿಂಡಿಗಳಲ್ಲಿ ಕೂತುಬಿಡುತ್ತವೆ. ಬಿಚ್ಚಿ ಸ್ವಚ್ಛ ಮಾಡಿಸುವ ತನಕ ಕದಲುವುದಿಲ್ಲ. 2006ರಲ್ಲಿ ಬಂದ ಸಿಜೆ-4 ದರ್ಜೆ ಬೂದಿಗೆ ಶೇ 1ರ ಮಿತಿ ಹಾಕಿತು. 2016ರ ಡಿಸೆಂಬರಿನಲ್ಲಿ ಬಂದ ಸಿಕೆ-4 ಆ ಮಿತಿಯನ್ನು ಹಾಗೆಯೇ ಇಟ್ಟುಕೊಂಡು, ಕಾವಿಗೆ ಆಯಿಲ್ ಬೇಗ ಕೆಡದಂತೆ ಬಿಗಿಮಾಡಿತು. ಸಿಐ-4ಕ್ಕೆ ಈ ಕಡಿವಾಣವಿಲ್ಲ.

ಒಂದೇ ಡ್ರಮ್ ಇಡಬೇಕೆಂಬ ಹಟವಿದ್ದರೆ ಲೆಕ್ಕವನ್ನು ತಿರುವಿಹಾಕಿ: ಹೊಸದರ ಸಿಕೆ-4 ಅನ್ನು ಹಳೆಯವಕ್ಕೂ ಹಾಕಿ. ಹಿಂದಿನ ದರ್ಜೆಗಳ ಕೆಲಸವನ್ನೂ ಅದು ಮಾಡುತ್ತದೆ. ಆದರೆ ಇಲ್ಲಿ ಡೀಸೆಲ್ ಮಧ್ಯೆ ಬಾಯಿ ಹಾಕುತ್ತದೆ. ಡೀಸೆಲ್ಲಿನ ಗಂಧಕ ಉರಿದು, ನೀರಿನ ಆವಿಯೊಡನೆ ಸೇರಿ ಆಮ್ಲವಾಗುತ್ತದೆ. ಆ ಆಮ್ಲವನ್ನು ಕೊಲ್ಲಲು ಆಯಿಲ್‌ನಲ್ಲಿ ಕ್ಷಾರವಿರಬೇಕು; ಆ ಕ್ಷಾರದ ಅಳತೆಯೇ ಟಿಬಿಎನ್. ಕ್ಷಾರ ಕೊಡುವುದೂ ಬೂದಿಯಾಗುವುದೂ ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಆಗಿರುವುದರಿಂದ, ಬೂದಿಯನ್ನು ಇಳಿಸಿದರೆ ಟಿಬಿಎನ್ ಕೂಡ ತುಸು ಇಳಿಯುತ್ತದೆ. 10 ಅಥವಾ 15 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಗಂಧಕದ ಡೀಸೆಲ್ ತುಂಬಿಸುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗಂಧಕ 500 ಪಿಪಿಎಂ ದಾಟಿದ ಡೀಸೆಲ್ ಬಿಟ್ಟು ಬೇರೆ ಗತಿಯಿಲ್ಲದ ಕಡೆ ಓಡುವ ಹಳೆಯ ಲಾರಿಗೆ ಟಿಬಿಎನ್ 10ಕ್ಕಿಂತ ಮೇಲಿರುವ ಸಿಐ-4 ಇರಲಿ, ಆಯಿಲ್ ಬದಲಿಸುವ ಅವಧಿಯನ್ನೂ ತಗ್ಗಿಸಿ. ಹೊಸ ಲಾರಿಯನ್ನು ಆ ಡೀಸೆಲ್ಲಿನ ಬಳಿಗೆ ಬಿಡಲೇಬೇಡಿ.

ಪ್ರಶ್ನೆ: 10ಡಬ್ಲ್ಯೂ-30 ಹಾಕಿದರೆ ಮೈಲೇಜ್ ಹೆಚ್ಚುತ್ತದೆ ಎಂದು ಮಾರುವವರು ಹೇಳುತ್ತಾರೆ. ‘ತೆಳು ಎಣ್ಣೆ ಹಾಕಿದರೆ ಬೇರಿಂಗ್ ಹೋಗುತ್ತದೆ’ ಎಂದು ನಮ್ಮ ಮೆಕ್ಯಾನಿಕ್ ಹೆದರಿಸುತ್ತಾರೆ. ಯಾರನ್ನು ನಂಬಲಿ?

ಉತ್ತರ: ಇಬ್ಬರದೂ ಅರ್ಧ ಸತ್ಯ. ‘ಡಬ್ಲ್ಯೂ’ಗೆ ಮೊದಲು ಬರುವ ಅಂಕ ಚಳಿಯಲ್ಲಿ ಎಂಜಿನ್ ಎಷ್ಟು ಸಲೀಸಾಗಿ ತಿರುಗುತ್ತದೆ ಎಂಬುದಕ್ಕೆ. ಅದರ ನಂತರ ಬರುವ ಅಂಕ 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಆಯಿಲ್ ಎಷ್ಟು ಮಂದ ಎಂಬುದಕ್ಕೆ. ಆದರೆ ಬೇರಿಂಗಿನ ಹಣೆಬರಹ ಬರೆಯುವುದು ಡಬ್ಬಿಯ ಮೇಲೆ ದೊಡ್ಡದಾಗಿ ಕಾಣದ ಮೂರನೆಯ ಅಳತೆ. 150 ಡಿಗ್ರಿ ಕಾವಿನಲ್ಲಿ, ಬೇರಿಂಗ್ ಮತ್ತು ಕ್ರ್ಯಾಂಕ್ ನಡುವೆ ಅರೆದು ಎಳೆಯುವಾಗ ಉಳಿಯುವ ಮಂದತೆ ಅದು. ಸಿಕೆ-4 ದರ್ಜೆಯಲ್ಲಿ ಇದು 3.5ಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಅದು 10ಡಬ್ಲ್ಯೂ-30 ಆಗಿದ್ದರೂ ಸರಿ. ಆದ್ದರಿಂದ ಕೈಪಿಡಿ ಒಪ್ಪಿದ್ದರೆ ಸಿಕೆ-4 10ಡಬ್ಲ್ಯೂ-30ಕ್ಕೆ ನಿಮ್ಮ ಮೆಕ್ಯಾನಿಕ್ ಹೆದರಬೇಕಾಗಿಲ್ಲ.

ಅವರು ಹೆದರಬೇಕಾದದ್ದು ಎಫ್ಎ-4ಕ್ಕೆ. ಸಿಕೆ-4ರ ಜೊತೆಗೇ ಬಂದ ದರ್ಜೆ ಅದು, ಡಬ್ಬಿಯ ಮೇಲಿನ 10ಡಬ್ಲ್ಯೂ-30 ಎಂಬ ಬರಹವೂ ಒಂದೇ. ಆದರೆ ಆ ಮೂರನೆಯ ಅಳತೆ ಅದರಲ್ಲಿ 2.9ರಿಂದ 3.2ರ ನಡುವೆ ಮಾತ್ರ. ಅದನ್ನು ತಾಳುವಂತೆ ಕಟ್ಟಿದ ಎಂಜಿನ್‌ಗಳಲ್ಲಿ ನಿಜಕ್ಕೂ ಡೀಸೆಲ್ ಉಳಿಯುತ್ತದೆ. ಹಳೆಯ ಎಂಜಿನ್ನಿಗೆ ತಯಾರಕರು ಸ್ಪಷ್ಟವಾಗಿ ಒಪ್ಪದೆ ಹಾಕಬಾರದು. ಹೆಸರಲ್ಲಿ ದೊಡ್ಡ ಅಂಕವಿದ್ದರೆ ಉತ್ತಮ, ಹೊಸತಿದ್ದರೆ ಉತ್ತಮ ಎಂಬ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವವರ ಧೈರ್ಯ ನನಗಂತೂ ಇಲ್ಲ.

ಪ್ರಶ್ನೆ: ಆಯಿಲ್ ಬದಲಿಸಿದ ಎರಡೇ ದಿನಕ್ಕೆ ಕಪ್ಪಾಗುತ್ತದೆ. ಆದರೆ ಕಡ್ಡಿ ತೆಗೆದು ನೋಡಿದರೆ ಮಟ್ಟ ಸ್ವಲ್ಪವೂ ಇಳಿದಿಲ್ಲ, ಹಾಗೆ ನೋಡಿದರೆ ಏರಿದೆ. ಎಂಜಿನ್ ಆಯಿಲ್ ಕುಡಿಯುತ್ತಿಲ್ಲವೆಂದು ಖುಷಿಪಡಬಹುದೇ?

ಉತ್ತರ: ಕಪ್ಪಾದದ್ದಕ್ಕೆ ಖುಷಿಪಡಿ, ಏರಿದ್ದಕ್ಕೆ ಗಾಬರಿಯಾಗಿ. ಡೀಸೆಲ್ ಎಂಜಿನ್ನಿನ ಮಸಿಯನ್ನು ಗಂಟುಕಟ್ಟಲು ಬಿಡದೆ ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು ಆಯಿಲ್‌ನ ಕೆಲಸ. ಕೆಲಸ ಮಾಡುತ್ತಿರುವ ಆಯಿಲ್ ಕಪ್ಪಾಗಿಯೇ ಇರುತ್ತದೆ. ಬಣ್ಣ ನೋಡಿ ಆಯಿಲ್ ಚೆಲ್ಲುವವರು ಹಣ ಚೆಲ್ಲುತ್ತಿದ್ದಾರೆ.

ಮಟ್ಟ ಏರಿದೆ ಎಂದರೆ ಹೊರಗಿನ ದ್ರವ ಒಳಗೆ ಬಂದಿದೆ. ಅದು ಡೀಸೆಲ್ ಇರಬೇಕು, ಇಲ್ಲವೇ ರೇಡಿಯೇಟರಿನ ಕೂಲೆಂಟ್ ಇರಬೇಕು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎಂಜಿನ್ ಬಿಸಿಯಿರುವಾಗ ಕಡ್ಡಿಯ ತುದಿಯಿಂದ ಒಂದು ಹನಿಯನ್ನು ಬಿಳಿಯ ಹೀರುಕಾಗದದ ಮೇಲೆ ಬಿಡಿ, ಕಾಗದವನ್ನು ನೆಲಕ್ಕೆ ತಾಗಿಸದೆ ಲೋಟದ ಬಾಯಿಯ ಮೇಲಿಟ್ಟು ಕೆಲವು ಗಂಟೆ ಬಿಡಿ. ಒಳ್ಳೆಯ ಆಯಿಲ್‌ನ ಹನಿ ನಡುವಿನಿಂದ ಅಂಚಿನವರೆಗೆ ಒಂದೇ ಬೂದುಬಣ್ಣದಲ್ಲಿ ಹರಡುತ್ತದೆ. ನಡುವೆ ಕರಿಯ ಚುಕ್ಕೆ ಗಟ್ಟಿಯಾಗಿ ನಿಂತು ಅದರ ಅಂಚು ಗೆರೆ ಎಳೆದಷ್ಟು ಸ್ಪಷ್ಟವಾಗಿದ್ದರೆ ಮಸಿಯನ್ನು ಹೊರುವ ಶಕ್ತಿ ಮುಗಿದಿದೆ ಎಂದು ತಿಳಿಯಿರಿ. ಸುತ್ತ ಅಗಲವಾದ ತಿಳಿ ಉಂಗುರ ಮೂಡಿ, ಕಡ್ಡಿಗೆ ಡೀಸೆಲ್ ವಾಸನೆಯಿದ್ದರೆ ಡೀಸೆಲ್ ಬೆರೆತಿರುವ ಶಂಕೆ. ಹನಿಯ ಅಂಚು ಹರಿದಂತೆ ಒಡೆದಿದ್ದು, ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಲೇಪವಿದ್ದರೆ ಕೂಲೆಂಟ್ ಕಡೆ ಹುಡುಕಿ. ಇದು ಸುಳಿವು ಮಾತ್ರ. ತೀರ್ಪಿಗೆ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಅಲ್ಲಿನ ವರದಿಯಲ್ಲಿ ಸೋಡಿಯಂ ಅಥವಾ ಪೊಟ್ಯಾಸಿಯಂ ಏರಿದ್ದರೆ ಕೂಲೆಂಟ್, ಸಿಲಿಕಾನ್ ಏರಿದ್ದರೆ ಗಾಳಿಯ ದಾರಿಯಲ್ಲಿ ನುಗ್ಗಿದ ದೂಳು. ಮಂದತೆ ಇಳಿದಿದ್ದರೆ ಡೀಸೆಲ್ಲಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಡೀಸೆಲ್ ಬರುವ ದಾರಿ ಯಾವುದು? ಸೋರುವ ಇಂಜೆಕ್ಟರ್ ಒಂದು. ಇನ್ನೊಂದು, ಹೊಸ ಲಾರಿಗಳಲ್ಲಿ ಡಿಪಿಎಫ್ ಕಾವೇರಿಸಲು ಕೆಲವು ಎಂಜಿನ್‌ಗಳು ಸಿಲಿಂಡರಿಗೇ ತಡವಾಗಿ ಇನ್ನಷ್ಟು ಡೀಸೆಲ್ ಸಿಂಪಡಿಸುತ್ತವೆ. ಅದರಲ್ಲಿ ಒಂದಿಷ್ಟು ಸಿಲಿಂಡರಿನ ಗೋಡೆಗೆ ಅಂಟಿ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ದೂರದ ದಾರಿಯಲ್ಲಿ ಆಯಿಲ್ ಚೆನ್ನಾಗಿ ಕಾದು ಅದು ಆವಿಯಾಗಿ ಹೋಗುತ್ತದೆ. ಸಣ್ಣ ಸಣ್ಣ ಓಟ, ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಓಡಿಸುವುದು, ಮಸಿ ಸುಡುವ ನಡುವೆಯೇ ಕೀಲಿ ತೆಗೆಯುವುದು ಇದ್ದರೆ ಹಾಗೆಯೇ ಉಳಿಯುತ್ತದೆ. ಜೈವಿಕ ಡೀಸೆಲ್ ಬೆರೆತಿದ್ದರೆ ಇನ್ನೂ ಕಷ್ಟ, ಅದು ಸುಲಭಕ್ಕೆ ಆವಿಯಾಗುವುದಿಲ್ಲ. ಹೀಗೆ ತೆಳುವಾದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ. ಮಟ್ಟ ಮಿತಿಮೀರಿ ಏರಿದರೆ ಎಂಜಿನ್ ತನ್ನ ಆಯಿಲ್ ಅನ್ನೇ ಎಳೆದುಕೊಂಡು ಉರಿಸತೊಡಗಬಹುದು. ಆಗ ಕೀಲಿ ತೆಗೆದರೂ ನಿಲ್ಲುವುದಿಲ್ಲ, ಗಾಳಿಯ ದಾರಿಯನ್ನೇ ಮುಚ್ಚಬೇಕಾಗುತ್ತದೆ. ಮೊದಲು ಆಯಿಲ್ ಇಳಿಸಿ, ಕಾರಣ ಹುಡುಕಿ, ಆಮೇಲೆ ಹೊಸದನ್ನು ತುಂಬಿ. ನಿಂತಲ್ಲೇ ಎಂಜಿನ್ ಓಡುವ ಲಾರಿಗೆ ಕಿಲೋಮೀಟರ್ ಲೆಕ್ಕ ಬಿಟ್ಟು ಗಂಟೆಗಳ ಲೆಕ್ಕದಲ್ಲಿ ಆಯಿಲ್ ಬದಲಿಸಿ.

ಪ್ರಶ್ನೆ: ನಮ್ಮ ಚಾಲಕರು ಇಳಿಸಿದ ಹಳೆಯ ಎಂಜಿನ್ ಆಯಿಲ್ ಅನ್ನು ಸೋಸಿ ಡೀಸೆಲ್ಲಿಗೆ ಬೆರೆಸುತ್ತಾರೆ, ಪಂಪಿಗೆ ಜಾರುವ ಗುಣ ಸಿಗುತ್ತದಂತೆ. ಕೆಲವೊಮ್ಮೆ ಸೀಮೆಎಣ್ಣೆಯನ್ನೂ ಬೆರೆಸುತ್ತಾರೆ. ಸೀಟೇನ್ ಹೆಚ್ಚಿಸುವ ಬಾಟಲಿಗಳನ್ನು ಹಾಕಬೇಕೇ?

ಉತ್ತರ: ಹಳೆಯ ಆಯಿಲ್ ಬೆರೆಸುವವರ ಕೈಯಿಂದ ಆಲಿಕೆಯನ್ನು ಕಿತ್ತುಕೊಳ್ಳಿ. ಬಟ್ಟೆಯಲ್ಲಿ ಸೋಸಿದರೆ ಕಣ್ಣಿಗೆ ಕಾಣುವ ಕಸ ಹೋಗುತ್ತದೆ. ಇಂಜೆಕ್ಟರಿನೊಳಗಿನ ಸಂದು ಕೆಲವೇ ಮೈಕ್ರಾನ್, ಒತ್ತಡ 2,000 ಬಾರ್ ಆಸುಪಾಸು. ಬಟ್ಟೆ ಬಿಟ್ಟ ಲೋಹದ ಪುಡಿ ಅಲ್ಲಿ ಏನು ಮಾಡುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ. ಮೇಲೆ ಹೇಳಿದ ಬೂದಿಯೆಲ್ಲ ನೇರವಾಗಿ ಡಿಪಿಎಫ್ ಸೇರುತ್ತದೆ, ಅದು ಬೇರೆ.

ಜಾರುವ ಗುಣದ ಚಿಂತೆ ಮಾತ್ರ ಪೂರ್ತಿ ಸುಳ್ಳಲ್ಲ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜ ಜಾರುಗುಣವೂ ಹೋಗುತ್ತದೆ. ಆದ್ದರಿಂದಲೇ ಮಾರುವ ಮುನ್ನ ಅದನ್ನು ಮತ್ತೆ ಬೆರೆಸುತ್ತಾರೆ. ಯುರೋಪಿನ ಮಾನಕದಂತೆ ಪರೀಕ್ಷೆಯಲ್ಲಿ ಲೋಹದ ಸವೆತದ ಗುರುತು 460 ಮೈಕ್ರಾನ್ ಮೀರಬಾರದು. ಪ್ರಾಮಾಣಿಕ ಡೀಸೆಲ್ಲಿಗೆ ನೀವು ಏನೂ ಸೇರಿಸಬೇಕಾಗಿಲ್ಲ. ಸೀಮೆಎಣ್ಣೆ ಈ ಗುಣವನ್ನು ಮತ್ತೆ ಕೆಡಿಸುತ್ತದೆ, ಡೀಸೆಲ್ಲನ್ನು ತೆಳುವಾಗಿಸಿ ಪಂಪನ್ನು ಸವೆಸುತ್ತದೆ. ಕಡುಚಳಿಯಲ್ಲಿ ಡೀಸೆಲ್ಲಿನ ಮೇಣ ಗಟ್ಟುವ ಕಡೆ ಚಳಿಗಾಲದ ಡೀಸೆಲ್ ಎಂದೇ ಬೇರೆ ಸಿಗುತ್ತದೆ, ಸೀಮೆಎಣ್ಣೆಯ ಬದಲು ಅದನ್ನು ತುಂಬಿಸಿ.

ಸೀಟೇನ್ ಎಂದರೆ ಸಿಂಪಡಿಸಿದ ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದರ ಅಂಕ. ಯುರೋಪಿನಲ್ಲಿ ಕನಿಷ್ಠ 51, ಅಮೆರಿಕದಲ್ಲಿ 40. ಎಂಜಿನ್ ಕೇಳುವಷ್ಟು ಇದ್ದ ಮೇಲೆ ಇನ್ನಷ್ಟು ಸುರಿದರೆ ಶಕ್ತಿ ಹೆಚ್ಚುವುದಿಲ್ಲ. ಬಾಟಲಿ ಮಾರುವವರ ಮೈಲೇಜ್ ಮಾತ್ರ ಹೆಚ್ಚುತ್ತದೆ.

ಪ್ರಶ್ನೆ: ಡೀಸೆಲ್ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತಿದೆ. ಬಿಚ್ಚಿದರೆ ಒಳಗೆ ಕರಿಯ ಲೋಳೆ. ಡೀಸೆಲ್ ಕೊಡುವವರು ಮೋಸ ಮಾಡುತ್ತಿದ್ದಾರೆಯೇ?

ಉತ್ತರ: ಇರಬಹುದು, ಆದರೆ ಮೊದಲು ನಿಮ್ಮ ಟ್ಯಾಂಕನ್ನೇ ಶಂಕಿಸಿ. ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ತಿರುಪನ್ನು ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿಯಿರಿ. ಕೆಳಗೆ ನೀರು, ಮೇಲೆ ಡೀಸೆಲ್, ಎರಡರ ನಡುವೆ ತೆಳುವಾದ ಕಂದು ಪೊರೆ ಕಂಡರೆ ಅದು ಜೀವಂತ. ನೀರಿನಲ್ಲಿ ಇದ್ದುಕೊಂಡು ಡೀಸೆಲ್ ತಿನ್ನುವ ಸೂಕ್ಷ್ಮಜೀವಿಗಳು ಆ ಗಡಿಯಲ್ಲೇ ಬೆಳೆಯುತ್ತವೆ. ನೀರು ಇಲ್ಲದಿದ್ದರೆ ಅವೂ ಇಲ್ಲ. ಸಂಜೆ ಟ್ಯಾಂಕ್ ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಖಾಲಿ ಜಾಗದಲ್ಲಿ ಬೆವರು ಕಟ್ಟುವುದು ಕಡಿಮೆ. ಆ ತಿರುಪನ್ನು ದಿನವೂ ತೆರೆದು ನೀರು ಬಿಡಿ. ಪೊರೆ ಕಂಡ ಮೇಲೆ ಟ್ಯಾಂಕ್ ಬಿಚ್ಚಿ ತೊಳೆಸಿ, ಸೂಕ್ಷ್ಮಜೀವಿ ನಾಶಕ ಹಾಕಿಸಬೇಕು. ಬರೀ ಫಿಲ್ಟರ್ ಬದಲಿಸುತ್ತ ಹೋದರೆ ಫಿಲ್ಟರ್ ಅಂಗಡಿಗೆ ಲಾಭ. ಈಚೆಗಷ್ಟೇ ಜೈವಿಕ ಡೀಸೆಲ್ ಮಿಶ್ರಣಕ್ಕೆ ಬದಲಾಗಿದ್ದರೆ, ಅದು ಟ್ಯಾಂಕಿನ ಹಳೆಯ ಕೊಳೆಯನ್ನು ಕರಗಿಸಿ ತರುತ್ತಿರಬಹುದು. ಆಗ ಕೆಲವು ಫಿಲ್ಟರ್‌ಗಳ ನಂತರ ತಾನೇ ನಿಲ್ಲುತ್ತದೆ.

ಪ್ರಶ್ನೆ: ಹೊಗೆ ಶುದ್ಧಿಗೆಂದು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣವನ್ನು ಕ್ಲೀನರ್ ಹುಡುಗ ಡೀಸೆಲ್ ಟ್ಯಾಂಕಿಗೆ ಸುರಿದಿದ್ದಾನೆ. ಸ್ವಲ್ಪವೇ. ಓಡಿಸಬಹುದೇ?

ಉತ್ತರ: ಓಡಿಸಬೇಡಿ, ಕೀಲಿಯನ್ನೂ ತಿರುಗಿಸಬೇಡಿ, ಎಷ್ಟೋ ಲಾರಿಗಳಲ್ಲಿ ಕೀಲಿ ತಿರುಗಿಸಿದ ಕೂಡಲೇ ಪಂಪ್ ಎಳೆಯತೊಡಗುತ್ತದೆ. ಆ ದ್ರಾವಣದಲ್ಲಿ ಶೇ 32.5ರಷ್ಟು ಯೂರಿಯಾ, ಉಳಿದದ್ದು ನೀರು. ಅದು ಡೀಸೆಲ್ಲಿನಲ್ಲಿ ಬೆರೆಯದೆ ತಳ ಸೇರುತ್ತದೆ, ಪಂಪ್ ಮತ್ತು ಇಂಜೆಕ್ಟರಿನಲ್ಲಿ ಬಿಳಿಯ ಹರಳಾಗಿ ಕೂರುತ್ತದೆ, ಲೋಹವನ್ನು ತಿನ್ನುತ್ತದೆ. ಲಾರಿಯನ್ನು ಇದ್ದಲ್ಲೇ ಬಿಟ್ಟು ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಒಣಗಿಸಿ. ಅಷ್ಟರೊಳಗೆ ಯಾರೂ ಕೀಲಿ ತಿರುಗಿಸಿರದಿದ್ದರೆ ಖರ್ಚು ಟ್ಯಾಂಕಿನಲ್ಲೇ ಮುಗಿಯುತ್ತದೆ. ಹುಡುಗನನ್ನು ಬೈಯುವ ಮೊದಲು ಎರಡು ಮುಚ್ಚಳಗಳನ್ನೂ ನೋಡಿ: ಯೂರಿಯಾದ್ದು ಸಾಮಾನ್ಯವಾಗಿ ನೀಲಿ, ಧೂಳು ಗ್ರೀಸ್ ಹತ್ತಿ ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದರೆ ಒರೆಸಿ ಬಣ್ಣ ಹಚ್ಚಿಸಿ.