ನನ್ನ ಮಗಳಂಥ ಇನ್ನೊಬ್ಬಳು ಎಲ್ಲಾದರೂ ಇದ್ದಾಳಾ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ವಿಶ್ವಕ್ಕೆ ಕೊನೆಯೇ ಇಲ್ಲವಂತೆ. ಹಾಗಾಗಿ ಥೇಟ್ ತನ್ನಂಥವಳೇ ಇನ್ನೊಬ್ಬಳು ಎಲ್ಲೋ ಇದ್ದಾಳೆ ಅಂತ ವಾದ ಮಾಡುತ್ತಾಳೆ. ನಿಜವಾ?
– ಓದುಗರು, ಸಕಲೇಶಪುರ

ಉತ್ತರ: ಹಾಸನದಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದಾಗ ಒಮ್ಮೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದೆ: 'ವಿಶ್ವ ಅನಂತ.' ಹಿಂದಿನ ಬೆಂಚಿನ ಹುಡುಗ, "ಅಳೆದೋರು ಯಾರು ಸಾರ್?" ಅಂದ. "ಕೂತ್ಕೊಳೋ" ಅಂದುಬಿಟ್ಟೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅವನ ಬಾಕಿಯನ್ನೂ ಇಲ್ಲೇ ತೀರಿಸುತ್ತೇನೆ.

ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ಹತ್ತಿದರೆ ಹತ್ತು ಮಾರು ಆಚೆ ಎಲ್ಲ ಮಂಜು. ಹಾಗಂತ ಬೆಟ್ಟ ಅಲ್ಲಿಗೇ ಮುಗಿಯಿತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ನಮಗೆ ಕಾಣುವ ವಿಶ್ವಕ್ಕೂ ಅಂಥದ್ದೇ ಒಂದು ಗಡಿ ಇದೆ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅಷ್ಟರಲ್ಲಿ ನಮ್ಮನ್ನು ತಲುಪಿದ ಬೆಳಕು ಮಾತ್ರ ಕಾಣುತ್ತದೆ. ಬೆಳಕು ಬರುತ್ತಿರುವಾಗಲೇ ದಾರಿಯೂ ಹಿಗ್ಗಿತು. ಹಾಗಾಗಿ ಆ ಗಡಿ ಈಗ ಎಲ್ಲ ದಿಕ್ಕಿಗೂ ಸುಮಾರು 4,600 ಕೋಟಿ ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಅದರಾಚೆಯೂ ವಿಶ್ವ ಇದೆ ಅನ್ನಲು ಕಾರಣಗಳಿವೆ. ಎಷ್ಟಿದೆ ಅನ್ನುವುದೇ ತಕರಾರು.

ಟೇಪು ಹಿಡಿದು ಹೋಗುವಂತಿಲ್ಲ. ಅದಕ್ಕೇ ವಿಶ್ವ ಬಾಗಿದೆಯಾ ಅಂತ ನೋಡುತ್ತಾರೆ. ಚೆಂಡಿನ ಮೈಯ ಹಾಗೆ ಬಾಗಿದ್ದರೆ ಅದಕ್ಕೆ ಮಿತಿ ಇದೆ ಅಂತಾಯಿತು. ಚೆಂಡಿನ ಮೇಲೆ ದೊಡ್ಡ ತ್ರಿಕೋನ ಬರೆದರೆ ಮೂರು ಕೋನ ಸೇರಿ 180 ಡಿಗ್ರಿಗಿಂತ ಜಾಸ್ತಿ ಬರುತ್ತದೆ. ಸಮತಟ್ಟು ಹಾಳೆಯಲ್ಲಿ ಸರಿಯಾಗಿ 180. 2009ರಲ್ಲಿ ಹಾರಿದ ಯುರೋಪಿನ ಪ್ಲಾಂಕ್ ಉಪಗ್ರಹ ವಿಶ್ವದ ಅತಿ ಹಳೆಯ ಬೆಳಕನ್ನು ಅಳೆಯಿತು. ಆ ಲೆಕ್ಕದಲ್ಲಿ ವಿಶ್ವ ಹೆಚ್ಚುಕಡಿಮೆ ಸಮತಟ್ಟು. ಹಾಗಾದರೆ ಅನಂತವೇ? ಇಲ್ಲೇ ನಾನೂ ಎಡವಿದ್ದು. ಹಾಳೆಯ ಮೇಲೆ ತ್ರಿಕೋನ ಬರೆದು, ಹಾಳೆಯನ್ನು ಕೊಳವೆಯ ಹಾಗೆ ಸುತ್ತಿ ಅಂಚು ಅಂಟಿಸಿ. ಕೋನಗಳು ಬದಲಾಗಲ್ಲ. ಆದರೆ ಅದರ ಮೇಲೆ ಬಿಟ್ಟ ಇರುವೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಅಂದರೆ ಸಮತಟ್ಟು ಅಂದ ಮಾತ್ರಕ್ಕೆ ಅನಂತ ಅಂತಲ್ಲ. ಅಳೆದೋರು ಯಾರೂ ಇಲ್ಲಪ್ಪ, ನೀನು ಕೇಳಿದ್ದು ಸರಿ.

ಇನ್ನು ಮಗಳ ವಾದ. ಸುಮ್ನೆ ತಳ್ಳಿಹಾಕಬೇಡಿ. ಚೌಕಾಬಾರದ ನಾಲ್ಕು ಕವಡೆಗೆ ಬೇರೆ ಬೇರೆ ಬಣ್ಣ ಹಚ್ಚಿ. ಒಂದೊಂದೂ ಬೀಳುವುದು ಅಂಗಾತ, ಇಲ್ಲವೇ ಬೋರಲು. ಒಟ್ಟು 16 ಬಗೆ. 17 ಸಲ ಹಾಕಿದರೆ ಯಾವುದೋ ಒಂದು ಬಗೆ ಎರಡು ಸಲ ಬಂದೇ ಇರುತ್ತದೆ. ಕ್ವಾಂಟಂ ಲೆಕ್ಕದಲ್ಲಿ, ಅಂದರೆ ಅತಿ ಸಣ್ಣ ಕಣಗಳ ಲೆಕ್ಕದಲ್ಲಿ, ಒಂದು ಮಿತಿಯ ಜಾಗದಲ್ಲಿ ಕಣಗಳು ಕೂರುವ ಬಗೆಗಳಿಗೂ ಮಿತಿಯಿದೆ. ಸಂಖ್ಯೆ ಮಾತ್ರ ಭಯಂಕರ ದೊಡ್ಡದು. ವಿಶ್ವ ಅನಂತವಾಗಿದ್ದರೆ, ಎಲ್ಲ ಕಡೆಯೂ ಇಲ್ಲಿಯ ಹಾಗೇ ಇದ್ದರೆ, ಎಲ್ಲೋ ಇನ್ನೊಂದು ಸಕಲೇಶಪುರ ಇರಬೇಕು. ಅಲ್ಲಿ ನಿಮ್ಮ ಮಗಳೂ. ಎರಡು 'ಇದ್ದರೆ' ಬಂತು, ಅದನ್ನು ಅವಳಿಗೆ ತೋರಿಸಿ. ಆ ಹುಡುಗಿ ನಮ್ಮ ಗಡಿಯಿಂದ ಎಷ್ಟೋ ಆಚೆ ಇರುತ್ತಾಳೆ. ಹೋಂವರ್ಕ್ ಹಂಚಿಕೊಳ್ಳೋಕಂತೂ ಆಗಲ್ಲ.

ಡಿಸೆಂಬರ್ ಅಮಾವಾಸ್ಯೆಯ ರಾತ್ರಿ ಎಂಟರ ಹೊತ್ತಿಗೆ ಮಗಳನ್ನು ಕಾಫಿ ಕಣಕ್ಕೆ ಕರೆದುಕೊಂಡು ಹೋಗಿ. ದೀಪ ಆರಿಸಿ, ಕಣ್ಣು ಕತ್ತಲಿಗೆ ಹೊಂದಲು ಕಾಲು ಗಂಟೆ ಬಿಡಿ. ಉತ್ತರಕ್ಕೆ ಎತ್ತರದಲ್ಲಿ ಹತ್ತಿಯಂಥ ಮಸುಕು ಮಚ್ಚೆ ಕಾಣುತ್ತದೆ. ಅದು ಆಂಡ್ರೊಮಿಡಾ ಗ್ಯಾಲಕ್ಸಿ. ಆ ಬೆಳಕು ಹೊರಟು 25 ಲಕ್ಷ ವರ್ಷ ಆಯಿತು. ಸ್ವೆಟರ್ ಮರೀಬೇಡಿ.